ಡೋರ್ಡ್ರೆಕ್ಟಿನ ಗೋಧೂಳಿ

ಇಂಗ್ಲೆಂಡಿನ ಆಸ್ಕಟ್ ಎಂಬ ಬಂಗಲೆಯಲ್ಲಿ ಒಂದು ಉದ್ದನೆಯ ಚಿತ್ರವಿದೆ. ಅಗಲವಾದ ನದಿ, ಆಚೆ ದಡದಲ್ಲಿ ಊರು, ಊರಿನ ಮನೆಗಳ ಮೇಲೆ ಎದ್ದು ಕಾಣುವ ಮೊಂಡು ಚರ್ಚ್ ಗೋಪುರ, ನೀರಿನ ಮೇಲೆ ಹಾಯಿ ಇಳಿಸಿಕೊಂಡ ಹಡಗುಗಳು, ಎಲ್ಲದರ ಮೇಲೂ ಜೇನಿನ ಬಣ್ಣದ ಬೆಳಕು. ಹಿಂದೊಮ್ಮೆ ಯಾರೋ ಇದನ್ನು ನಡುವೆ ಕತ್ತರಿಸಿ ಎರಡು ಮಾಡಿದರು. ಒಂದು ತುಂಡಿಗೆ ‘ಬೆಳಗು’ ಎಂದೂ ಇನ್ನೊಂದಕ್ಕೆ ‘ಸಂಜೆ’ ಎಂದೂ ಹೆಸರಾಯಿತು. 19ನೇ ಶತಮಾನದಲ್ಲಿ ಎರಡೂ ತುಂಡುಗಳು ಮತ್ತೆ ಕೂಡಿದವು. ಕತ್ತರಿಸಿದವರ ದುರಾಸೆಯ ಮಾತು ಬಿಡಿ, ನನಗೆ ಕುತೂಹಲ ಹುಟ್ಟಿಸಿದ್ದು ಆ ಎರಡು ಹೆಸರುಗಳು. ಒಂದೇ ಗಳಿಗೆಯ ಬೆಳಕು ಒಬ್ಬರಿಗೆ ಮುಂಜಾವಾಗಿಯೂ ಇನ್ನೊಬ್ಬರಿಗೆ ಮುಸ್ಸಂಜೆಯಾಗಿಯೂ ಕಾಣಬಹುದಾದರೆ ಅದು ಎಂಥ ಬೆಳಕು? ಯಾವ ಊರಿನದು?

ಚಿತ್ರದಲ್ಲಿರುವ ಊರು ಡೋರ್ಡ್ರೆಕ್ಟ್. ಬರೆದವನು ಅದೇ ಊರಿನ ಆಲ್ಬರ್ಟ್ ಕೈಪ್. 1620ರಲ್ಲಿ ಅಲ್ಲೇ ಹುಟ್ಟಿ, 1691ರಲ್ಲಿ ಅಲ್ಲೇ ಸತ್ತು, ಅಲ್ಲಿನ ಚರ್ಚೊಂದರಲ್ಲೇ ಮಣ್ಣಾದವನು. ರೆಂಬ್ರಾಂಟ್, ವರ್ಮೀರ್ ಹೆಸರು ಕೇಳಿದವರೆಲ್ಲ ಇವನ ಹೆಸರು ಕೇಳಿರಲಿಕ್ಕಿಲ್ಲ. ನಾನೂ ಇವನ ಚಿತ್ರಗಳನ್ನು ನೋಡಿದ್ದು ಮ್ಯೂಸಿಯಮ್ಮುಗಳ ಗೋಡೆಯ ಮೇಲಲ್ಲ. ವಾಷಿಂಗ್ಟನ್, ಆಮ್‌ಸ್ಟರ್‌ಡ್ಯಾಮಿನ ದೊಡ್ಡ ಸಂಗ್ರಹಾಲಯಗಳು ಈಗ ತಮ್ಮ ಚಿತ್ರಗಳನ್ನು ಅಂತರ್ಜಾಲದಲ್ಲಿ ಧಾರಾಳವಾಗಿ ಬಿಟ್ಟುಕೊಟ್ಟಿವೆಯಲ್ಲ, ಆ ಪುಣ್ಯದಿಂದ. ಪರದೆಯ ಮೇಲೆ ಹಿಗ್ಗಿಸಿ ನೋಡುವುದರಲ್ಲಿ ಒಂದು ಲಾಭವಿದೆ. ಹಸುವಿನ ಬೆನ್ನಿನ ಗುಂಟ ಎಳೆದ ಹಳದಿ ಗೆರೆ ಎಷ್ಟು ದಪ್ಪ ಎಂಬುದು ಗೊತ್ತಾಗುತ್ತದೆ.

ಡೋರ್ಡ್ರೆಕ್ಟ್ ಹಾಲೆಂಡ್ ಪ್ರಾಂತ್ಯದ ಅತಿ ಹಳೆಯ ಪಟ್ಟಣ. 1220ರಷ್ಟು ಹಿಂದೆಯೇ ನಗರದ ಹಕ್ಕುಗಳನ್ನು ಪಡೆದದ್ದು. 1421ರ ಸಂತ ಎಲಿಜಬೆತ್ ಪ್ರವಾಹದಲ್ಲಿ ಸುತ್ತಲಿನ ಹೊಲ, ಹಳ್ಳಿಗಳೆಲ್ಲ ಕೊಚ್ಚಿಹೋಗಿ ಊರು ದ್ವೀಪವಾಯಿತು. ನದಿಗಳು ಕೂಡುವ ಜಾಗವಾದ್ದರಿಂದ ರೈನ್ ನದಿಯ ಮೇಲಿನಿಂದ ಬರುವ ಮರ, ದ್ರಾಕ್ಷಾರಸ, ದವಸ ಎಲ್ಲ ಈ ಊರನ್ನು ಹಾದೇ ಕೆಳಗಿಳಿಯಬೇಕಾಗಿತ್ತು. ಕೈಪ್‌ನ ಕಾಲಕ್ಕೆ ವ್ಯಾಪಾರದಲ್ಲಿ ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್‌ಗಳು ಇದನ್ನು ಹಿಂದೆ ಹಾಕಿದ್ದವು. ಆದರೆ ಹಳೆಯ ಶ್ರೀಮಂತರ ಮನೆಗಳು, ಹಳೆಯ ಹೆಮ್ಮೆ, ಕಟ್ಟುನಿಟ್ಟಾದ ಕ್ಯಾಲ್ವಿನ್ ಪಂಥದ ಧರ್ಮಶ್ರದ್ಧೆ ಎಲ್ಲ ಹಾಗೇ ಇದ್ದವು. ಆ ಪಂಥದ ಇತಿಹಾಸದಲ್ಲಿ ದೊಡ್ಡದಾದ 1618–19ರ ಧರ್ಮಸಭೆ ನಡೆದದ್ದೂ ಇಲ್ಲೇ.

ಕೈಪ್‌ಗಳದ್ದು ಚಿತ್ರಗಾರರ ಮನೆತನ. ಅಜ್ಜ ಗಾಜಿನ ಮೇಲೆ ಬರೆಯುತ್ತಿದ್ದವನು. ಅಪ್ಪ ಯಾಕೋಬ್ ಊರಿನ ಹೆಸರಾಂತ ಭಾವಚಿತ್ರಕಾರ. ಚಿಕ್ಕಪ್ಪ ಬೆಂಜಮಿನ್ ಕೂಡ ಕುಂಚ ಹಿಡಿದವನೇ. ಅಪ್ಪನ ಕಾರ್ಯಶಾಲೆಯಲ್ಲಿ ಹುಡುಗನಿಗೆ ಸಿಕ್ಕ ಮೊದಲ ಕೆಲಸ ಹಿನ್ನೆಲೆ ತುಂಬುವುದು. ಅಪ್ಪ ಗಿರಾಕಿಗಳ ಮುಖ, ಬಟ್ಟೆ, ಕೈಗಳನ್ನು ಬರೆದರೆ, ಮಗ ಅವರ ಹಿಂದಿನ ಹೊಲ, ಮರ, ಆಕಾಶಗಳನ್ನು ಬರೆಯುತ್ತಿದ್ದ. 1641ರ ಹೊತ್ತಿನ ಕೆಲವು ಚಿತ್ರಗಳಲ್ಲಿ ಇಬ್ಬರ ಕೈಯೂ ಕಾಣುತ್ತದೆ. ಅಂದರೆ ಭೂದೃಶ್ಯ ಎಂಬುದು ಇವನಿಗೆ ಮೊದಲು ಒದಗಿದ್ದು ದುಡ್ಡು ಕೊಟ್ಟು ಕೂತವರ ಬೆನ್ನ ಹಿಂದಿನ ಜಾಗವಾಗಿ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಗ ಹಾಲೆಂಡಿನ ಭೂದೃಶ್ಯಕ್ಕೆ ಮಾದರಿಯಾಗಿದ್ದವನು ಯಾನ್ ವಾನ್ ಗೋಯನ್. ಕಂದು, ಬೂದು, ಮಂಕು ಹಳದಿ ಬಣ್ಣಗಳಷ್ಟರಲ್ಲೇ ಒದ್ದೆ ನೆಲವನ್ನೂ ಮೋಡ ಕವಿದ ಆಕಾಶವನ್ನೂ ಸರಸರನೆ ಮೂಡಿಸಿಬಿಡುತ್ತಿದ್ದ ಅಸಾಧ್ಯ ಕೈ ಅವನದು. ಇಷ್ಟು ಬರೆದೂ ಟ್ಯುಲಿಪ್ ಗೆಡ್ಡೆಗಳ ಜೂಜಿನಂಥ ವ್ಯವಹಾರಕ್ಕೆ ಕೈಹಾಕಿ, ಕೊನೆಗೆ ಸಾಲಗಾರನಾಗಿ ಸತ್ತ. ಇಪ್ಪತ್ತರ ಹರೆಯದ ಕೈಪ್ ಅವನನ್ನೇ ಹಿಂಬಾಲಿಸಿದ. ಅದೇ ಬೂದು, ಅದೇ ಮರಳ ದಿಬ್ಬ, ಮುರಿಮುರಿದ ಕುಂಚದ ಅದೇ ಗೀಟುಗಳು. ನೋಡಲು ಚೆನ್ನಾಗಿಯೇ ಇವೆ. ಆದರೆ ಕೈಪ್ ಅಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

1640ರ ದಶಕದ ನಡುವೆ ಅವನ ಚಿತ್ರಗಳಲ್ಲಿ ಬಿಸಿಲು ಬರುತ್ತದೆ. ಬರುವ ದಾರಿಯೂ ಗೊತ್ತು. ಉಟ್ರೆಕ್ಟ್ ಪಟ್ಟಣದ ಯಾನ್ ಬೋತ್ ಎಂಬ ಕಲಾವಿದ ರೋಮಿಗೆ ಹೋಗಿ, ಕ್ಲೋದ್ ಲೊರೇನ್ ಓಡಾಡಿದ ಬಯಲುಗಳಲ್ಲಿ ತಾನೂ ಓಡಾಡಿ, 1640ರ ದಶಕದ ಆರಂಭಕ್ಕೆ ಊರಿಗೆ ಮರಳಿದ. ಮರಳುವಾಗ ತಂದದ್ದು ದಕ್ಷಿಣದ ಬೆಳಕನ್ನು. ಸೂರ್ಯನನ್ನು ಚಿತ್ರದೊಳಗೇ ಕೆಳಮಟ್ಟದಲ್ಲಿಟ್ಟು, ಬೆಳಕು ಓರೆಯಾಗಿ ನಮ್ಮ ಕಡೆಗೆ ಹರಿದುಬರುವಂತೆ ಮಾಡುವ ಉಪಾಯ ಅದು. ಕೈಪ್‌ನ ತಾಯಿ ಉಟ್ರೆಕ್ಟಿನವಳು. ಅವನು 1642ರ ಸುಮಾರಿಗೆ ಆ ಕಡೆಯೆಲ್ಲ ಸುತ್ತಿ ರೇಖಾಚಿತ್ರ ಮಾಡಿಕೊಂಡದ್ದೂ ಉಳಿದಿದೆ. ಮುಂದೆ 1650ರ ದಶಕದ ಆರಂಭದಲ್ಲಿ ರೈನ್ ನದಿಯ ಗುಂಟ ನೈಮೇಗನ್, ಕ್ಲೇವ್‌ಗಳವರೆಗೆ ಇನ್ನೊಂದು ಸುತ್ತು ಹೋಗಿಬಂದ. ಅಷ್ಟೇ ಅವನ ಲೋಕ. ಇಟಲಿಗೆ ಅವನು ಕಾಲಿಡಲೇ ಇಲ್ಲ.

ಆ ಬೆಳಕಿಗೆ ಕನ್ನಡದಲ್ಲಿ ಒಂದು ಸಿದ್ಧ ಪದವಿದೆ, ಗೋಧೂಳಿ. ಮೇವಿಗೆ ಹೋದ ದನಗಳು ಹಟ್ಟಿಗೆ ಮರಳುವಾಗ ಎದ್ದ ಧೂಳು ಇಳಿಬಿಸಿಲಿಗೆ ಹೊನ್ನಾಗುವ ಹೊತ್ತು. ನಮ್ಮಲ್ಲಿ ಮದುವೆಗೂ ಗೋಧೂಳಿ ಮುಹೂರ್ತ ಇಡುತ್ತಾರೆ. ಕೈಪ್‌ನ ಚಿತ್ರಗಳಲ್ಲಿ ಹಸುಗಳಿವೆ, ಹೊನ್ನಿನ ಗಾಳಿಯೂ ಇದೆ. ಆದರೆ ಡೋರ್ಡ್ರೆಕ್ಟಿನ ಹುಲ್ಲುಗಾವಲಿನಲ್ಲಿ ಧೂಳೆಲ್ಲಿಂದ ಬರಬೇಕು? ಅದು ಕಾಲಿಟ್ಟರೆ ಕೆಸರಾಗುವ ನೆಲ. ಅಲ್ಲಿ ಗಾಳಿಯಲ್ಲಿ ತೇಲುವುದು ನೀರಿನ ಆವಿ. ಅವನ ಜಾಣತನ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಒಣ ದೇಶದ ಬೆಳಕನ್ನು ತಂದು ಒದ್ದೆ ದೇಶದ ಆವಿಯಲ್ಲಿ ನೆನೆಸಿದ. ಬೋತ್‌ನ ಬೆಳಕು ಬಂಡೆಗಳ ಮೇಲೆ, ಒರಟು ಮರಗಳ ಮೇಲೆ ಬೀಳುತ್ತದೆ. ಕೈಪ್‌ನ ಬೆಳಕು ಬೀಳುವುದಿಲ್ಲ, ನೆನೆಯುತ್ತದೆ. ದೂರದ ಗೋಪುರ ಅದರಲ್ಲಿ ಸಕ್ಕರೆಯ ಗೊಂಬೆಯಂತೆ ಕರಗುತ್ತಿರುತ್ತದೆ, ಹತ್ತಿರದ ದೊಡ್ಡ ಎಲೆಯ ಕಳೆಗಿಡದ ಅಂಚಿನಲ್ಲಿ ಮಾತ್ರ ದಪ್ಪ ಹಳದಿ ಬಣ್ಣ ಉಬ್ಬಿ ನಿಂತಿರುತ್ತದೆ.

18ನೇ ಶತಮಾನದ ಆರಂಭದಲ್ಲಿ ಡಚ್ ಕಲಾವಿದರ ಚರಿತ್ರೆ ಬರೆದ ಆರ್ನಾಲ್ಡ್ ಹೌಬ್ರಾಕನ್ ಕೂಡ ಡೋರ್ಡ್ರೆಕ್ಟಿನವನೇ. ಕೈಪ್ ಸತ್ತ ಮೇಲೆ ಅವನ ಮನೆಯಲ್ಲಿ ಬೇರೆ ಯಾವ ಕಲಾವಿದನ ಚಿತ್ರವೂ ಸಿಗಲಿಲ್ಲ, ಅವನಿಗೆ ನಿಸರ್ಗವೇ ಗುರು ಎಂದು ಅವನು ದಾಖಲಿಸಿದ್ದಾನೆ. ಊರಿನ ಮಗನ ಬಗ್ಗೆ ಊರಿನವನ ಅಭಿಮಾನದ ಮಾತು. ಗೋಡೆಯ ಮೇಲೆ ಬೋತ್ ಇರಲಿಲ್ಲ, ಸರಿ. ಆದರೆ ಪ್ರತಿ ಚಿತ್ರದ ಆಕಾಶದಲ್ಲೂ ಅವನಿದ್ದಾನೆ.

ಹಾಗಾದರೆ ಇದೆಲ್ಲ ಸುಳ್ಳೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಯಾಕೆಂದರೆ ಪ್ರಾದೇಶಿಕ ಕಲಾವಿದನೆಂದರೆ, ಪ್ರಾದೇಶಿಕ ಲೇಖಕನೆಂದರೆ ತನ್ನ ನೆಲವನ್ನು ಇದ್ದಂತೆ ಹೇಳುವವನು ಎಂದು ನಾವು ನಂಬಿದ್ದೇವೆ. ಕೈಪ್‌ನ ರೇಖಾಚಿತ್ರಗಳನ್ನು ನೋಡಿದರೆ ಅವನಿಗೆ ಇದ್ದದ್ದನ್ನು ಇದ್ದಂತೆ ಬರೆಯುವ ಕಣ್ಣು ಚೆನ್ನಾಗಿಯೇ ಇತ್ತು. ಕಪ್ಪು ಚಾಕಿನಲ್ಲಿ ಗೆರೆ ಎಳೆದು, ಮೇಲೆ ತೆಳುವಾಗಿ ಬಣ್ಣದ ನೀರು ಹಚ್ಚಿ, ಗಾಳಿಯಂತ್ರ ಎಲ್ಲಿದೆ, ಗೋಪುರಕ್ಕೂ ದಡಕ್ಕೂ ಎಷ್ಟು ಅಂತರ ಎಂದು ಹಾಳೆಗಳಲ್ಲಿ ಗುರುತು ಮಾಡಿಕೊಳ್ಳುತ್ತಿದ್ದ. ಅವೇ ಹಾಳೆಗಳನ್ನು ವರ್ಷಗಟ್ಟಲೆ ಇಟ್ಟುಕೊಂಡು ಮನೆಯಲ್ಲಿ ಕೂತು ವರ್ಣಚಿತ್ರಕ್ಕೆ ಇಳಿಸುತ್ತಿದ್ದ. ಡೋರ್ಡ್ರೆಕ್ಟಿನ ದೊಡ್ಡ ಚರ್ಚಿನ ಗೋಪುರ ಯೋಜಿಸಿದ ಎತ್ತರಕ್ಕೆ ಏರಲೇ ಇಲ್ಲ, ಇವತ್ತಿಗೂ ತುದಿಯಿಲ್ಲದೆ ಮೊಂಡಾಗಿಯೇ ನಿಂತಿದೆ. ಬೆಳಕನ್ನೇ ಬೇರೆ ದೇಶದಿಂದ ತಂದವನಿಗೆ ಒಂದು ಗೋಪುರಕ್ಕೆ ಶಿಖರ ಇಡುವುದೇನು ಕಷ್ಟ? ಇಡಲಿಲ್ಲ. ಎಲ್ಲ ಚಿತ್ರಗಳಲ್ಲೂ ಅದು ಮೊಂಡೇ.

ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ‘ಡೋರ್ಡ್ರೆಕ್ಟಿನ ಬಳಿ ಮಾಸ್ ನದಿ’ ಇದಕ್ಕೆ ಒಳ್ಳೆಯ ಉದಾಹರಣೆ. 1650ರ ಸುಮಾರಿನದು, ಒಂದೂ ಮುಕ್ಕಾಲು ಮೀಟರಿನಷ್ಟು ಅಗಲ. 1646ರ ಬೇಸಿಗೆಯಲ್ಲಿ ಸ್ಪೇನಿನ ಮೇಲಿನ ಯುದ್ಧದ ಕೊನೆಯ ಹಂತದಲ್ಲಿ ಸೈನಿಕರನ್ನು ಹೊತ್ತ ಭಾರಿ ನೌಕಾಪಡೆ ಈ ಊರಿನ ಮುಂದೆ ಲಂಗರು ಹಾಕಿತ್ತು. ಆ ನೆನಪನ್ನೇ ಈ ಚಿತ್ರ ಹಿಡಿದಿದೆ ಎನ್ನುತ್ತಾರೆ. ಹಡಗಿನ ತುಂಬ ಜನ. ಪುಟ್ಟ ದೋಣಿಯಲ್ಲಿ ಯಾರೋ ದೊಡ್ಡ ಮನುಷ್ಯರು ಬರುತ್ತಿದ್ದಾರೆ, ನಗಾರಿ ಬಾರಿಸುವವನು ಬಾರಿಸುತ್ತಿದ್ದಾನೆ. ಆದರೂ ಚಿತ್ರದಲ್ಲಿ ಒಂದು ಅಲೆಯ ಸದ್ದೂ ಇಲ್ಲ. ಯುದ್ಧಕ್ಕೆ ಹೊರಟ ಪಡೆಯ ಮೇಲೆ ಯುದ್ಧ ಮುಗಿದ ದಿನದ ಬೆಳಕಿದೆ. 1648ರಲ್ಲಿ ಎಂಬತ್ತು ವರ್ಷಗಳ ಆ ಯುದ್ಧ ನಿಜವಾಗಿ ಮುಗಿಯಿತು. ಶಾಂತಿಯ ನಂತರ ಕೂತು ಹಿಂದಿನದನ್ನು ನೆನೆದರೆ ಅದು ಹೀಗೆಯೇ ಕಂಡೀತು. ಬೆಳಕು ಆ ಊರಿನ ಹವಾಮಾನದ್ದಲ್ಲ, ಆ ಊರಿನ ಮನಸ್ಸಿನದು. ಇಷ್ಟರ ಮಟ್ಟಿಗೆ ಕೈಪ್ ನನ್ನ ಲೆಕ್ಕದಲ್ಲಿ ಸುಳ್ಳುಗಾರನಲ್ಲ.

ಹಸುಗಳ ವಿಷಯವೂ ಹೀಗೇ. ಅವನು ಕ್ಷಿತಿಜವನ್ನು ತೀರ ಕೆಳಕ್ಕೆ ಇಳಿಸುತ್ತಾನೆ, ನಮ್ಮನ್ನು ಹುಲ್ಲಿನ ಮಟ್ಟದಲ್ಲಿ ಕೂರಿಸುತ್ತಾನೆ. ಆಗ ಮಲಗಿ ಮೆಲುಕು ಹಾಕುವ ಹಸುವಿನ ಬೆನ್ನು ಕೂಡ ಬೆಟ್ಟದ ಸಾಲಿನಂತೆ ಆಕಾಶಕ್ಕೆ ತಾಗುತ್ತದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ‘ದೊಡ್ಡ ಡೋರ್ಟ್’ ಎಂದು ಹೆಸರಾದ ಚಿತ್ರದಲ್ಲಿ ಒಬ್ಬ ಹಾಲು ಕರೆಯುವವಳು, ನಾಲ್ಕು ಹಸುಗಳು, ಹಿಂದೆ ದೂರದಲ್ಲಿ ಊರು. ಗಾತ್ರದಲ್ಲಿ ಹಸುಗಳೇ ದೊಡ್ಡವು, ಊರು ಅವುಗಳ ಕಾಲ ಬಳಿಯ ಆಟಿಕೆ. ಬೆಟ್ಟವೇ ಇಲ್ಲದ ನಾಡಿನವನು ಹಸುಗಳಿಂದ ಬೆಟ್ಟ ಕಟ್ಟಿದ. ಹಾಲು, ಬೆಣ್ಣೆ, ಗಿಣ್ಣುಗಳ ಮೇಲೆ ನಿಂತಿದ್ದ ಆ ನಾಡಿನಲ್ಲಿ ಕೊಬ್ಬಿದ ಹಸು ದೇಶದ ಸಮೃದ್ಧಿಯ ಸಂಕೇತವೇ ಆಗಿತ್ತು. ಕೊಳ್ಳುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊಳ್ಳುವವರು ಯಾರು ಎನ್ನುವಲ್ಲಿ ನನ್ನ ಮೆಚ್ಚುಗೆಗೆ ಸ್ವಲ್ಪ ಕಸಿವಿಸಿ ಬೆರೆಯುತ್ತದೆ. ಡೋರ್ಡ್ರೆಕ್ಟಿನ ಆಡಳಿತ ಹಿಡಿದಿದ್ದ ಮನೆತನಗಳು ಅವನ ಗಿರಾಕಿಗಳು. ಜಮೀನು, ಹಳ್ಳಿಮನೆ, ಬೇಟೆಯ ಕುದುರೆಗಳ ಶೋಕಿ ಅವರಿಗೆ ಆಗಷ್ಟೇ ಹಿಡಿಯತೊಡಗಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಪೊಂಪೆ ವಾನ್ ಮೇರ್ಡರ್‌ವೋರ್ಟ್ ಮನೆತನದ ಇಬ್ಬರು ಹುಡುಗರು ಮಖಮಲ್ಲು ತೊಟ್ಟು ಕುದುರೆಯೇರಿ ಬೇಟೆಗೆ ಹೊರಟ ಚಿತ್ರವಿದೆ. ಜೊತೆಗೆ ಅವರ ಮೇಷ್ಟ್ರು, ಸಾರೋಟಿನವನು. ಹುಡುಗರ ಬಟ್ಟೆಯ ಮೇಲೂ ಅದೇ ಹೊಂಬೆಳಕು. ಅಪ್ಪನ ಕಾರ್ಯಶಾಲೆಯಲ್ಲಿ ಸಿರಿವಂತರ ಬೆನ್ನ ಹಿಂದೆ ಹೊಲ ತುಂಬುತ್ತಿದ್ದ ಹುಡುಗ ಈಗ ಅವರಿಗೆ ಬೇಕಾದ ಹವೆಯನ್ನೂ ಒದಗಿಸುತ್ತಿದ್ದ.

ಇನ್ನೊಂದು ಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಿರಿಯ ವರ್ತಕನೊಬ್ಬ ಹೆಂಡತಿಯೊಡನೆ ನಿಂತಿದ್ದಾನೆ. ಹಿಂದೆ ಜಾವಾ ದ್ವೀಪದ ಬಟಾವಿಯ, ಅಂದರೆ ಇವತ್ತಿನ ಜಕಾರ್ತ. ಕೋಟೆ, ಬಂದರು, ತಾಯ್ನಾಡಿಗೆ ಹೊರಡಲಿರುವ ಹಡಗುಗಳು. ವರ್ತಕ ಕೈಯ ಬೆತ್ತದಿಂದ ಹಡಗುಗಳನ್ನು ತೋರಿಸುತ್ತಿದ್ದಾನೆ. ದಂಪತಿಗಳ ಹಿಂದೆ ಒಬ್ಬ ಆಳು ದೊಡ್ಡ ಕೊಡೆ ಹಿಡಿದು ನಿಂತಿದ್ದಾನೆ. ಅವನು ಕೂಲಿಯವನಲ್ಲ, ಗುಲಾಮ. ಇಟಲಿಯನ್ನು ನೋಡದವನು ಬಟಾವಿಯವನ್ನು ನೋಡಿರಲು ಸಾಧ್ಯವೇ? ಬೇರೆಯವರ ಚಿತ್ರ, ನಕ್ಷೆಗಳನ್ನು ಮುಂದಿಟ್ಟುಕೊಂಡು ಡೋರ್ಡ್ರೆಕ್ಟಿನಲ್ಲೇ ಕೂತು ಬರೆದಿರಬೇಕು. ಕಂಪನಿಯ ಮೆಣಸು, ಲವಂಗ, ಜಾಯಿಕಾಯಿಗಳ ಲೆಕ್ಕ ಗೊತ್ತಿರುವ ನಾವು ಈ ಚಿತ್ರವನ್ನು ಡಚ್ಚರು ನೋಡಿದ ಹಾಗೆ ನೋಡಲಾರೆವು. ಕೊಡೆಯ ನೆರಳು ದಂಪತಿಗಳಿಗೆ. ಹಿಡಿದವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಹುಲ್ಲುಗಾವಲಿನ ಮೇಲೆ ಅಷ್ಟು ಒಪ್ಪುವ ಬೆಳಕು, ಎಲ್ಲವನ್ನೂ ಸಮಾಧಾನವಾಗಿ ಕಾಣಿಸುವ ಆ ಬೆಳಕು, ಇಂಥ ಕಡೆ ಎಷ್ಟನ್ನು ಮುಚ್ಚಬಲ್ಲುದು ಎಂಬುದು ಈ ಚಿತ್ರ ನೋಡುವವರೆಗೆ ನನಗೆ ಹೊಳೆದಿರಲಿಲ್ಲ.

1658ರ ಜುಲೈನಲ್ಲಿ ಕೈಪ್ ಮದುವೆಯಾದ. ಆಗ ಅವನಿಗೆ ಮೂವತ್ತೇಳು. ವಧು ಕೊರ್ನೇಲಿಯ ಬೋಸ್ಮನ್, ಮೂರು ಮಕ್ಕಳಿದ್ದ ಸಿರಿವಂತ ವಿಧವೆ. ಮರುವರ್ಷ ಒಬ್ಬ ಮಗಳು ಹುಟ್ಟಿದಳು. ಅಲ್ಲಿಂದಾಚೆ ದಾಖಲೆಗಳಲ್ಲಿ ಅವನು ಸಿಗುವುದು ಬೇರೆಯೇ ಮನುಷ್ಯನಾಗಿ. ಚರ್ಚಿನ ಡೀಕನ್, ಆಮೇಲೆ ಹಿರಿಯ, ಧರ್ಮಾಸ್ಪತ್ರೆಯ ಆಡಳಿತಗಾರ, ಪ್ರಾಂತ್ಯದ ನ್ಯಾಯಮಂಡಳಿಯ ಸದಸ್ಯ. ಚಿತ್ರಗಳು ಕಡಿಮೆಯಾಗುತ್ತ ಬಂದು ನಿಂತೇಹೋದವು. ಅವನು ಚಿತ್ರಗಳಿಗೆ ಸಹಿ ಹಾಕುತ್ತಿದ್ದನೇ ಹೊರತು ಇಸವಿ ಹಾಕುತ್ತಿದ್ದುದು ಬಹಳ ಅಪರೂಪ. ಹಾಗಾಗಿ ಕೊನೆಯದು ಯಾವುದೆಂದು ಬೆರಳಿಟ್ಟು ತೋರಿಸುವಂತಿಲ್ಲ. ಅಂತೂ ಬದುಕಿನ ಕೊನೆಯ ಮೂರು ದಶಕಗಳ ಹೆಚ್ಚಿನ ಭಾಗ ಅವನು ಚಿತ್ರ ಬರೆಯದ ಗೃಹಸ್ಥ.

ಯಾಕೆ ಬಿಟ್ಟ? ಹೆಂಡತಿಯ ಧರ್ಮನಿಷ್ಠೆ ಅಡ್ಡ ಬಂತು ಎನ್ನುವವರಿದ್ದಾರೆ. ಈ ವಾದ ನನಗೆ ಹಿಡಿಸುವುದಿಲ್ಲ. ಗಂಡಸು ಏನನ್ನು ಬಿಟ್ಟರೂ ಹೆಂಗಸಿನ ಮೇಲೆ ಹಾಕುವ ಹಳೆಯ ಚಾಳಿ ಇದರಲ್ಲಿದೆ. ಸರಳ ಕಾರಣ ಕಣ್ಣಮುಂದೇ ಇದೆ. ಅವನಿಗೆ ಇನ್ನು ಚಿತ್ರ ಮಾರಬೇಕಾದ ಅಗತ್ಯವಿರಲಿಲ್ಲ. ಆ ಕಾಲದಲ್ಲಿ ಚಿತ್ರಕಲೆ ಕಸುಬು, ಬಡಗಿ ಅಕ್ಕಸಾಲಿಗಳ ಕಸುಬಿನಂತೆ. ಮನೆ ತುಂಬಿದ ಮೇಲೆ ಅಂಗಡಿ ಮುಚ್ಚುವುದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಆಶ್ಚರ್ಯಪಡುವವರು ನಾವು, ಕಲೆಯೆಂದರೆ ಪ್ರಾಣ ಹಿಂಡುವ ತಪಸ್ಸು ಎಂದು ಆಮೇಲಿನ ಕಾಲದಲ್ಲಿ ಕಲಿತವರು. 1672ರಲ್ಲಿ ಫ್ರೆಂಚರು ದಾಳಿ ಮಾಡಿ ಕಲೆಯ ಮಾರುಕಟ್ಟೆ ಕುಸಿದಾಗ ವರ್ಮೀರ್ ಸಾಲದಲ್ಲಿ ಮುಳುಗಿದ. ಕೈಪ್‌ಗೆ ಅದರ ಬಿಸಿ ತಟ್ಟಿರಲಿಕ್ಕಿಲ್ಲ. ಆದರೂ ಒಂದು ಸಂಗತಿ ಮನಸ್ಸಿನಲ್ಲಿ ಉಳಿಯುತ್ತದೆ. ಯಾರ ಬದುಕಿಗೆ ಆ ಹೊಂಬೆಳಕನ್ನು ಬಳಿದುಕೊಡುತ್ತಿದ್ದನೋ ಅವರ ಸಾಲಿಗೇ ಸೇರಿದ ಮೇಲೆ ಅವನಿಗೆ ಅದನ್ನು ಬರೆಯಬೇಕೆನಿಸಲಿಲ್ಲ.

ಸತ್ತ ಮೇಲಿನ ಕತೆ ಹೆಚ್ಚು ಗೋಜಲು. ಬಹುಕಾಲ ಅವನ ಹೆಸರು ಡೋರ್ಡ್ರೆಕ್ಟ್ ದಾಟಲಿಲ್ಲ. ಊರಿನ ಸಂಗ್ರಾಹಕನೊಬ್ಬನ ಬಳಿಯೇ ಮೂವತ್ತಕ್ಕೂ ಹೆಚ್ಚು ಚಿತ್ರಗಳಿದ್ದವು. 1785ರಲ್ಲಿ ಅವು ಅಲ್ಲೇ ಹರಾಜಾದವು. ಅಷ್ಟರೊಳಗೆ ಇಂಗ್ಲೆಂಡಿನಲ್ಲಿ ಕೈಪ್ ಹುಚ್ಚು ಹತ್ತಿತ್ತು. ಅರ್ಲ್ ಆಫ್ ಬ್ಯೂಟ್ ಕೊಂಡ ಒಂದು ಕುದುರೆ ಸವಾರನ ನದೀದೃಶ್ಯದಿಂದ ಅದು ಶುರುವಾಯಿತು ಎಂಬ ಮಾತಿದೆ. ಆ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇಂಗ್ಲಿಷ್ ಜಮೀನ್ದಾರರಿಗೂ ಹುಲ್ಲುಗಾವಲು, ಹಸು, ಕುದುರೆ, ವಿಶಾಲವಾದ ಬಂಗಲೆ ಇದ್ದವು. ಇಲ್ಲದಿದ್ದದ್ದು ಒಳ್ಳೆಯ ಬಿಸಿಲು ಮಾತ್ರ. ಅದನ್ನು ದುಡ್ಡು ಕೊಟ್ಟು ಗೋಡೆಗೆ ತಂದುಕೊಂಡರು. 19ನೇ ಶತಮಾನದ ಹೊತ್ತಿಗೆ ಅವನ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಕಡಲು ದಾಟಿದ್ದವು.

ಬೇಡಿಕೆ ಹೆಚ್ಚಿದ ಕಡೆ ಸರಕು ಹುಟ್ಟಿಕೊಳ್ಳುತ್ತದೆ. ಡೋರ್ಡ್ರೆಕ್ಟಿನಲ್ಲೇ ಅಬ್ರಹಾಂ ವಾನ್ ಕಾಲ್‌ರಾಟ್ ಎಂಬ ಕಿರಿಯ ಕಲಾವಿದನಿದ್ದ. ಅವನ ಹೆಸರಿನ ಮೊದಲಕ್ಷರಗಳೂ ‘ಎ.ಸಿ.’. ಅವನು ಕುದುರೆ, ಲಾಯ, ಹಣ್ಣುಗಳನ್ನು ಬರೆದು ಹಾಕಿದ ಆ ಎರಡಕ್ಷರದ ಸಹಿಯನ್ನು ಜನ ಬಹುಕಾಲ ಕೈಪ್‌ನದೆಂದೇ ಓದಿದರು. 1908ರಲ್ಲಿ ಹೋಫ್‌ಸ್ಟೇಡೆ ದ ಗ್ರೋಟ್ ಎಂಬ ವಿದ್ವಾಂಸ ಮಾಡಿದ ಪಟ್ಟಿಯಲ್ಲಿ ಕೈಪ್ ಹೆಸರಿನಲ್ಲಿ ಎಂಟುನೂರಕ್ಕೂ ಹೆಚ್ಚು ಚಿತ್ರಗಳಿದ್ದವು. ಅವುಗಳಲ್ಲಿ ದೊಡ್ಡ ಪಾಲು ಈಗ ಅವನ ಲೆಕ್ಕದಲ್ಲಿಲ್ಲ. ರಸ್ಕಿನ್ ಅವನನ್ನು ಬಿಯರ್ ತಯಾರಿಸುವ ಕಸುಬಿನವನೆಂದು ತಿಳಿದು, ನಿದ್ದೆ ಬರಿಸುವ ಚಿತ್ರಗಾರ ಎಂಬರ್ಥದಲ್ಲಿ ಮೂದಲಿಸಿದ. ಕಸುಬಿನ ಮಾತು ತಪ್ಪು. ನಿದ್ದೆಯ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಅವನ ಹತ್ತು ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಹಬ್ಬದೂಟದ ನಂತರದ ತೂಕಡಿಕೆಯಂಥದ್ದು ಬರುವುದು ನಿಜ.

ರಸ್ಕಿನ್ ತಲೆಯ ಮೇಲೆ ಹೊತ್ತು ಮೆರೆಸಿದ ಟರ್ನರ್‌ಗೆ ಮಾತ್ರ ಕೈಪ್ ಗುರುವಾಗಿದ್ದ. 1817ರಲ್ಲಿ ಅವನು ಡೋರ್ಡ್ರೆಕ್ಟಿಗೇ ಹೋಗಿ ನದಿಯನ್ನು, ಗೋಪುರವನ್ನು, ದೋಣಿಗಳನ್ನು ಪುಸ್ತಕದಲ್ಲಿ ಗೀಚಿಕೊಂಡು ಬಂದ. ಮರುವರ್ಷ ದೊಡ್ಡದೊಂದು ಚಿತ್ರ ಪ್ರದರ್ಶಿಸಿದ. ರಾಟರ್‌ಡ್ಯಾಮಿನಿಂದ ಬಂದ ಪ್ರಯಾಣಿಕರ ದೋಣಿ ಗಾಳಿಯಿಲ್ಲದೆ ಡೋರ್ಡ್ರೆಕ್ಟಿನ ಮುಂದೆ ನಿಂತುಬಿಟ್ಟಿದೆ. ಹಾಯಿ ಜೋತುಬಿದ್ದಿದೆ, ನೀರು ಗಾಜಿನಂತಿದೆ, ಆಕಾಶದ ತುಂಬ ಕೈಪ್‌ನ ಹಳದಿ. ಈಗ ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾಸಂಗ್ರಹದಲ್ಲಿದೆ. ಮುಂದೆ ಬೆಳಕಿನ ಚಿತ್ರಗಾರನೆಂದೇ ಹೆಸರಾದ ಟರ್ನರ್ ಈ ಚಿತ್ರ ಬರೆದಾಗ ಅವನೂ ರೋಮ್, ವೆನಿಸ್‌ಗಳನ್ನು ನೋಡಿರಲಿಲ್ಲ. ಅಲ್ಲಿಗೆ ಅವನು ಹೊರಟದ್ದು ಮರುವರ್ಷ, 1819ರಲ್ಲಿ.